ಸಾಲ ಮನ್ನಾ ಎಂದುಕೊಂಡ ಮನೆಗಳು: ಮಂಡ್ಯ ಜಿಲ್ಲೆಯ ಒಂದು ಸಮೀಕ್ಷೆಯ ಪ್ರಕರಣ ಅಧ್ಯಯನ

ಮನೋವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ತಮ್ಮ ಪ್ರಬಂಧಕ್ಕಾಗಿ ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆರಂಭಿಸಿ, ಇಪ್ಪತ್ತಮೂರನೆಯ ಮನೆಯಲ್ಲಿ ನಿಲ್ಲಿಸಬೇಕಾಗಿ ಬಂದ ಸಮೀಕ್ಷೆಯೊಂದರ ಪ್ರಕರಣವಿದು. ಆಕೆಗೆ ಮಾರ್ಗದರ್ಶನ ಮಾಡುತ್ತಿದ್ದವರು ನಾನು. ಆಕೆಯ ಪ್ರಸ್ತಾವವನ್ನು, ಸಂಶೋಧನೆಯಲ್ಲಿ ಭಾಗವಹಿಸುವವರ ಹಿತ ಕಾಯಬೇಕಾದ ಕಾಲೇಜಿನ ನೀತಿ ಸಮಿತಿಯ ಮುಂದಿಟ್ಟು ಸಮರ್ಥಿಸಿದ್ದೂ ನಾನೇ. ಊರು, ಕಾಲೇಜು, ವ್ಯಕ್ತಿಗಳ ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ ಅಥವಾ ಕೈಬಿಟ್ಟಿದ್ದೇನೆ. ತಪ್ಪು ಎಲ್ಲಿ ಆಯಿತೋ ಅದನ್ನು ಮಾತ್ರ ಬದಲಿಸಿಲ್ಲ.

ಪ್ರಸ್ತಾವ

ವಿದ್ಯಾರ್ಥಿನಿ ಎತ್ತಿಕೊಂಡ ಪ್ರಶ್ನೆ ಸರಳವಾಗಿತ್ತು: ಕಬ್ಬು ಬೆಳೆಯುವ ಮನೆಗಳಲ್ಲಿ ಸಾಲದ ಹೊರೆಗೂ ಖಿನ್ನತೆಯ ಲಕ್ಷಣಗಳಿಗೂ ಏನಾದರೂ ನಂಟಿದೆಯೇ? ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಹುಟ್ಟಿ ಬೆಳೆದ ಆಕೆಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿದ ಮೇಲೂ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುವುದು, ಆ ನಡುವೆ ಕೈಸಾಲ ಮಾಡುವುದು, ಒಡವೆ ಅಡವಿಡುವುದು, 2015ರಲ್ಲಿ ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆಗಳು ದಿನಪತ್ರಿಕೆಗಳ ಮುಖಪುಟ ತುಂಬಿದ್ದು, ಇವೆಲ್ಲ ಆಕೆಯ ಬಾಲ್ಯದ ನೆನಪುಗಳಲ್ಲಿ ಸೇರಿದ್ದವು. ಇಂಥ ವಿದ್ಯಾರ್ಥಿ ಸಿಕ್ಕಾಗ ಮಾರ್ಗದರ್ಶಕರು ಅರ್ಧ ಕಣ್ಣು ಮುಚ್ಚಿಬಿಡುತ್ತಾರೆ. ಊರಿನವಳೇ ಆದ್ದರಿಂದ ಊರು ಗೊತ್ತು ಎಂದು ನಂಬಿಬಿಡುತ್ತಾರೆ. ನಾನೂ ಹಾಗೆಯೇ ನಂಬಿದೆ.

ಅಳತೆಗೆ ಆಯ್ದದ್ದು ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. ಕ್ರೋಂಕೆ, ಸ್ಪಿಟ್ಜರ್ ಮತ್ತು ವಿಲಿಯಮ್ಸ್ 2001ರಲ್ಲಿ ಇದರ ಸಿಂಧುತ್ವವನ್ನು, ಅಂದರೆ ಅಳೆಯಬೇಕಾದದ್ದನ್ನೇ ಇದು ಅಳೆಯುತ್ತದೆಯೇ ಎಂಬುದನ್ನು, ಕುರಿತ ಪ್ರಬಂಧ ಪ್ರಕಟಿಸಿದ ಮೇಲೆ ಪ್ರಪಂಚದ ಬಹುತೇಕ ಕಡೆ ಬಳಕೆಗೆ ಬಂದಿರುವ ಈ ಮಾಪಕದಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಪ್ರತಿಯೊಂದು ತೊಂದರೆಯೂ ಎಷ್ಟು ಬಾರಿ ಕಾಡಿತು ಎಂಬುದಕ್ಕೆ 0ಯಿಂದ 3ರವರೆಗೆ ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ತಪಾಸಣೆ ಬೇಕೆಂದು ಓದಲಾಗುತ್ತದೆ. ಒಂಬತ್ತನೆಯ ಪ್ರಶ್ನೆ ಸತ್ತುಹೋದರೆ ಚೆನ್ನ ಎನ್ನುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಇದಕ್ಕೆ ಸಾಲದ ವಿವರ ಕೇಳುವ ಮತ್ತೊಂದು ಭಾಗವನ್ನು ವಿದ್ಯಾರ್ಥಿನಿ ಸೇರಿಸಿದ್ದರು: ಬ್ಯಾಂಕಿನದೆಷ್ಟು, ಸೊಸೈಟಿಯದೆಷ್ಟು, ಕೈಸಾಲವೆಷ್ಟು, ಒಡವೆ ಇಟ್ಟದ್ದೆಷ್ಟು, ಜಮೀನು ಎಷ್ಟು ಗುಂಟೆ. ವಾಸ್ತವ ಸಂಗತಿಗಳ ಪ್ರಶ್ನೆ ಮೊದಲು, ಮನಸ್ಸಿನ ಪ್ರಶ್ನೆ ಆಮೇಲೆ ಎಂದು ತರಗತಿಯಲ್ಲಿ ನಾವೇ ಕಲಿಸಿದ್ದರಿಂದ ಸಾಲದ ಭಾಗ ಮುಂದೆ ಬಂದಿತ್ತು.

ಮನೆಗಳನ್ನು ಆರಿಸಿದ್ದು ಊರಿನ ಹಾಲಿನ ಡೇರಿಯ ಸದಸ್ಯರ ಪಟ್ಟಿಯಿಂದ. ಡೇರಿಯ ಕಾರ್ಯದರ್ಶಿ ಜೊತೆಗೆ ಬಂದು ಪರಿಚಯ ಮಾಡಿಸುವುದಾಗಿಯೂ, ಓದು ಬರದವರು ಹೆಬ್ಬೆಟ್ಟು ಒತ್ತುವಾಗ ಸಾಕ್ಷಿಯಾಗಿ ಸಹಿ ಹಾಕುವುದಾಗಿಯೂ ಒಪ್ಪಿದ್ದರು. ಒಪ್ಪಿಗೆ ಪತ್ರ ಎರಡು ಪುಟದ್ದು. ಭಾಗವಹಿಸುವಿಕೆಯು ಸ್ವಯಂಪ್ರೇರಿತ, ಯಾವುದೇ ಹಂತದಲ್ಲಿ ಹಿಂದೆ ಸರಿಯಬಹುದು, ಮಾಹಿತಿಯನ್ನು ಯಾರಿಗೂ ತಿಳಿಸುವುದಿಲ್ಲ ಎಂದು ಶುದ್ಧವಾದ ಗ್ರಾಂಥಿಕ ಕನ್ನಡದಲ್ಲಿ ಬರೆದಿತ್ತು. ಸಮಿತಿಯಲ್ಲಿ ಅದರ ಭಾಷೆಯನ್ನು ಮೆಚ್ಚಿಕೊಂಡವರೂ ಇದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಇದನ್ನು ಕನಿಷ್ಠ ಅಪಾಯದ ಅಧ್ಯಯನವೆಂದು ವರ್ಗೀಕರಿಸಿ, ಪೂರ್ಣ ಸಭೆ ಕರೆಯದೆ ತ್ವರಿತ ಪರಿಶೀಲನೆಯಲ್ಲಿ ಅನುಮತಿ ಕೊಡಲಾಯಿತು.

ಜಗಲಿಯ ಮೇಲೆ

ಮೊದಲ ವಾರದ ಕೆಲಸ ಅನುಮಾನ ಬರುವಷ್ಟು ಸಲೀಸಾಗಿ ನಡೆಯಿತು. ಒಂದು ಮನೆಯವರೂ ಒಲ್ಲೆ ಎನ್ನಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿ, ಕಾಫಿ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಸಾಲದ ಮೊತ್ತವನ್ನು ರೂಪಾಯಿ ಲೆಕ್ಕದಲ್ಲಿ ಕೊಟ್ಟರು. ನಮ್ಮ ಹಳ್ಳಿಗಳಲ್ಲಿ ಕೈಸಾಲದ ಮೊತ್ತವನ್ನು ಮನೆಯ ಸೊಸೆಗೂ ಹೇಳುವುದಿಲ್ಲ ಎಂಬುದು ನೆನಪಿದ್ದಿದ್ದರೆ ಅಲ್ಲಿಯೇ ನಿಲ್ಲಬೇಕಾಗಿತ್ತು. ಆದರೆ ಭರ್ತಿಯಾದ ನಮೂನೆಗಳನ್ನು ಕಂಡು ವಿದ್ಯಾರ್ಥಿನಿಗೆ ಸಂತೋಷವಾಯಿತು, ಫೋನಿನಲ್ಲಿ ಕೇಳಿಸಿಕೊಂಡ ನನಗೂ ಆಯಿತು.

ಇಪ್ಪತ್ತಮೂರನೆಯ ಮನೆಯಲ್ಲಿ ಪ್ರಶ್ನೆಗಳೆಲ್ಲ ಮುಗಿದು ಆಕೆ ಏಳುವ ಹೊತ್ತಿಗೆ ವಯಸ್ಸಾದ ಹೆಂಗಸೊಬ್ಬರು ಒಳಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತಂದು ಬಿಚ್ಚಿದರು. ಪಹಣಿ, ಆಧಾರ್ ಕಾರ್ಡಿನ ಜೆರಾಕ್ಸ್, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಎಲ್ಲವೂ ಅದರಲ್ಲಿದ್ದವು. “ನಮ್ಮೆಸ್ರು ಸೇರುಸ್ಕಂಡ್ರಾ ಕಣವ್ವ? ದುಡ್ಡು ಯಾವಾಗ ಬತ್ತದೆ?” ಎಂದು ಕೇಳಿದರು.

ವಿದ್ಯಾರ್ಥಿನಿ ಅಂದು ಸಂಜೆ ಹಿಂದಿನ ನಾಲ್ಕೈದು ಮನೆಗಳಿಗೆ ಹೋಗಿ ವಿಚಾರಿಸಿದಾಗ ಅಲ್ಲಿಯೂ ಅದೇ ಮಾತು. ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. 2018ರಲ್ಲಿ ರಾಜ್ಯ ಸರ್ಕಾರ ಬೆಳೆ ಸಾಲ ಮನ್ನಾ ಘೋಷಿಸಿದಾಗ ರೈತರು ಆಧಾರ್, ಪಡಿತರ ಚೀಟಿ, ಜಮೀನಿನ ಸರ್ವೆ ನಂಬರು ಹಿಡಿದು ಬ್ಯಾಂಕು, ಸೊಸೈಟಿಗಳ ಮುಂದೆ ಸಾಲುಗಟ್ಟಿ ಸ್ವಯಂ ಘೋಷಣೆಯ ನಮೂನೆ ತುಂಬಿಕೊಟ್ಟಿದ್ದರು. ಸಾಲ ಎಷ್ಟು, ಜಮೀನು ಎಷ್ಟು ಎಂದು ಕೇಳಿ, ಬರೆದುಕೊಂಡು, ಕೊನೆಗೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುವ ಕಾಗದ ಎಂದರೆ ಆ ಊರಿನವರಿಗೆ ಅದೊಂದೇ. ಅದರ ಮೇಲೆ ಡೇರಿಯ ಕಾರ್ಯದರ್ಶಿ ಜೊತೆಯಲ್ಲಿ ಬಂದಿದ್ದರು. ನಮ್ಮ ಒಪ್ಪಿಗೆ ಪತ್ರದಲ್ಲಿ ಸುಳ್ಳು ಒಂದೂ ಇರಲಿಲ್ಲ. ಇದು ಸಾಲ ಮನ್ನಾದ ಸಮೀಕ್ಷೆಯಲ್ಲ ಎಂಬ ಒಂದು ವಾಕ್ಯವೂ ಇರಲಿಲ್ಲ.

ಒಪ್ಪಿಗೆಯ ದೋಷ, ಅಳತೆಯ ದೋಷ

ಸಂಶೋಧನಾ ವಿಧಾನದ ಪಠ್ಯಗಳು ನೀತಿಯನ್ನು ಒಂದು ಅಧ್ಯಾಯದಲ್ಲಿಯೂ, ಅಳತೆಯ ಸಿಂಧುತ್ವವನ್ನು ಇನ್ನೊಂದು ಅಧ್ಯಾಯದಲ್ಲಿಯೂ ಇಡುತ್ತವೆ. ಪರೀಕ್ಷೆಯಲ್ಲಿ ಅವುಗಳಿಗೆ ಬೇರೆ ಬೇರೆ ಪ್ರಶ್ನೆಗಳು ಬರುತ್ತವೆ. ಈ ಪ್ರಕರಣದಲ್ಲಿ ಅವೆರಡನ್ನೂ ಬಿಡಿಸಿ ನೋಡಲು ನಮಗೆ ಸಾಧ್ಯವಾಗಲಿಲ್ಲ. ಸಾಲ ಮನ್ನಾ ಆಗುತ್ತದೆ ಎಂದು ತಿಳಿದು ಒಪ್ಪಿದವರ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದು ನೀತಿಯ ಮಾತು. ಸಾಲ ಮನ್ನಾ ಆಗುತ್ತದೆ ಎಂದು ತಿಳಿದವರು ತಮ್ಮ ಕಷ್ಟವನ್ನು ಹೇಗೆ ಹೇಳುತ್ತಾರೆ ಎಂಬುದು ಅಳತೆಯ ಮಾತು. ಎರಡಕ್ಕೂ ಮೂಲ ಒಂದೇ ತಪ್ಪುತಿಳಿವಳಿಕೆ.

ಅಮೆರಿಕದ ಅಲಬಾಮಾದಲ್ಲಿ 1932ರಿಂದ 1972ರವರೆಗೆ ಆ ದೇಶದ ಸಾರ್ವಜನಿಕ ಆರೋಗ್ಯ ಸೇವೆ ನಡೆಸಿದ ಟಸ್ಕೀಗಿ ಅಧ್ಯಯನವನ್ನು ನಾವು ಪ್ರತಿ ವರ್ಷ ಪಾಠ ಮಾಡುತ್ತೇವೆ. ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರಿಗೆ ರೋಗದ ಹೆಸರನ್ನೇ ಹೇಳದೆ, ‘ಕೆಟ್ಟ ರಕ್ತ’ಕ್ಕೆ ಚಿಕಿತ್ಸೆ ಸಿಗುತ್ತಿದೆ ಎಂದು ನಂಬಿಸಿ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ ರೋಗದ ದಾರಿಯನ್ನು ನೋಡುತ್ತ ಕೂತ ಆ ಅಧ್ಯಯನ ಬಯಲಾದ ಮೇಲೆಯೇ ಮನುಷ್ಯರ ಮೇಲಿನ ಸಂಶೋಧನೆಗೆ ನೀತಿಯ ತತ್ವಗಳನ್ನು ಹಾಕಿಕೊಟ್ಟ 1979ರ ಬೆಲ್ಮಾಂಟ್ ವರದಿ ರೂಪುಗೊಂಡಿತು. ಅದನ್ನು ಕೇಳಿದ ವಿದ್ಯಾರ್ಥಿಗಳು ನಾವು ಹಾಗೆಂದೂ ಮಾಡುವುದಿಲ್ಲ ಎಂದುಕೊಂಡು ಹೊರಗೆ ಹೋಗುತ್ತಾರೆ. ಮೋಸ ಮಾಡಬಾರದು ಎಂಬ ಪಾಠ ಅದರಿಂದ ತಲುಪುತ್ತದೆ, ಆದರೆ ಮೋಸವೇ ಇಲ್ಲದೆ ಎದುರಿಗಿರುವವರು ತಪ್ಪು ತಿಳಿದುಕೊಳ್ಳುವ ಸಾಧ್ಯತೆ ಅದರಿಂದ ತಲುಪುವುದಿಲ್ಲ. ಈ ಎರಡನೆಯದಕ್ಕೆ ಹತ್ತಿರವಾದದ್ದು ಆಪಲ್‌ಬಾಮ್ ಮತ್ತು ಸಂಗಡಿಗರು 1982ರಲ್ಲಿ ಹೆಸರಿಟ್ಟು ವಿವರಿಸಿದ ಚಿಕಿತ್ಸೆಯ ಭ್ರಮೆ: ಸಂಶೋಧನೆಗೆ ಸೇರಿದ ರೋಗಿಗಳು, ಅಲ್ಲಿ ನಡೆಯುವುದೆಲ್ಲ ತಮ್ಮ ಗುಣಕ್ಕಾಗಿಯೇ ಎಂದು ನಂಬಿರುತ್ತಾರೆ, ಹಾಗಲ್ಲ ಎಂದು ಕಾಗದದಲ್ಲಿ ಬರೆದಿದ್ದರೂ. ಆಸ್ಪತ್ರೆಯಲ್ಲಿ ಅದು ಚಿಕಿತ್ಸೆಯ ಭ್ರಮೆ. ನಾಲೆ ಬಯಲಿನಲ್ಲಿ ಅದು ಪರಿಹಾರದ ಭ್ರಮೆಯಾಗಿತ್ತು.

ಪ್ರಶ್ನೆಗಳ ಅನುಕ್ರಮವೂ ಈ ಭ್ರಮೆಗೆ ನೀರೆರೆಯಿತು. ಸ್ಟ್ರ್ಯಾಕ್, ಮಾರ್ಟಿನ್ ಮತ್ತು ಶ್ವಾರ್ಜ್ 1988ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬದುಕು ಎಷ್ಟು ಸುಖವಾಗಿದೆ ಎಂದು ಮೊದಲು ಕೇಳಿ ಆಮೇಲೆ ಪ್ರಣಯದ ಭೇಟಿಗಳ ಬಗ್ಗೆ ಕೇಳಿದಾಗ ಎರಡು ಉತ್ತರಗಳ ನಡುವಿನ ನಂಟು ಇಲ್ಲವೆನ್ನುವಷ್ಟು ಕಡಿಮೆ, ಅಂದರೆ -0.12 ಇತ್ತು (ಈ ಅಳತೆಯಲ್ಲಿ 0 ಎಂದರೆ ನಂಟಿಲ್ಲ, 1 ಎಂದರೆ ಪೂರ್ಣ ನಂಟು); ಅನುಕ್ರಮ ತಿರುಗಿಸಿದಾಗ ಅದು 0.66ಕ್ಕೆ ಏರಿತ್ತು. ನಮ್ಮ ನಮೂನೆಯಲ್ಲಿ ಸಾಲದ ಲೆಕ್ಕವನ್ನೆಲ್ಲ ಒಂದೊಂದಾಗಿ ಬಾಯಿಬಿಡಿಸಿದ ತಕ್ಷಣ ಮನಸ್ಸು ಹೇಗಿದೆ ಎಂದು ಕೇಳುತ್ತಿದ್ದೆವು. ಸಾಲಕ್ಕೂ ಖಿನ್ನತೆಗೂ ನಂಟಿದೆಯೇ ಎಂದು ಹುಡುಕಲು ಹೊರಟವರು ಆ ನಂಟನ್ನು ನಮೂನೆಯಲ್ಲಿಯೇ ಹೆಣೆದು ಇಟ್ಟಿದ್ದೆವು.

ಮಾಪಕದ ವಿಚಾರದಲ್ಲಿ ಇನ್ನೂ ಸೂಕ್ಷ್ಮವಾದ ತೊಡಕುಗಳಿದ್ದವು. ನಿದ್ದೆ ಬರುವುದಿಲ್ಲವೇ, ಸುಸ್ತೇ ಎಂಬ ಪ್ರಶ್ನೆಗಳಿಗೆ ಬಹಳಷ್ಟು ಗಂಡಸರು ದಿನಾ ಹೌದು ಎಂದಿದ್ದರು. ಅದು ಸರದಿಯ ನೀರು ರಾತ್ರಿ ಬಿಡುತ್ತಿದ್ದ ಕಾಲ. ಗದ್ದೆಗೆ ನೀರು ಕಟ್ಟಲು ಎದ್ದುಹೋಗುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ದಿನಪತ್ರಿಕೆ ಓದುವಾಗ, ಟಿವಿ ನೋಡುವಾಗ ಗಮನ ನಿಲ್ಲುವುದಿಲ್ಲವೇ ಎಂಬ ಏಳನೆಯ ಪ್ರಶ್ನೆ ಓದು ಬಾರದ ಹೆಂಗಸರ ಮುಂದೆ ಅರ್ಧ ಅರ್ಥ ಕಳೆದುಕೊಳ್ಳುತ್ತದೆ. ‘ಬೇಜಾರು’ ಎಂಬ ಪದವನ್ನು ಮಂಡ್ಯದ ಕಡೆ ದುಃಖಕ್ಕೂ, ಹೊತ್ತು ಹೋಗದಿರುವುದಕ್ಕೂ, ನೆಂಟರು ಮದುವೆಗೆ ಕರೆಯದಿದ್ದಾಗ ಆಗುವ ಮುನಿಸಿಗೂ ಬಳಸುತ್ತಾರೆ. ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನೂ ಶುರುಮಾಡಿ ಕೇಳುಗರ ಕಿವಿಗೆ ಮಾತು ತಲುಪಿಸಿದವರು. ಅದೇ ಪರಂಪರೆಯ ನೆರಳಿನಲ್ಲಿ ಪಾಠ ಹೇಳುವ ನಾವು ಒಪ್ಪಿಗೆ ಪತ್ರವನ್ನು ಒಮ್ಮೆಯೂ ಗಟ್ಟಿಯಾಗಿ ಓದಿ ನೋಡಿರಲಿಲ್ಲ.

ಸಾಕ್ಷಿಯ ವಿಷಯದಲ್ಲಿ ನಮ್ಮ ತಪ್ಪಿಗೆ ವಿವರಣೆಯೇ ಇಲ್ಲ. ಓದು ಬಾರದವರ ಒಪ್ಪಿಗೆಗೆ ಅಕ್ಷರಸ್ಥನಾದ, ನಿಷ್ಪಕ್ಷಪಾತಿಯಾದ ಸಾಕ್ಷಿ ಇರಬೇಕು ಎಂದು 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ದಿನಕ್ಕೆರಡು ಸಲ ಹಾಲಿನ ಡಿಗ್ರಿ, ಫ್ಯಾಟು ನೋಡಿ ಬರೆದುಕೊಳ್ಳುವವರ ಎದುರಿಗೆ, ಅವರೇ ಕರೆತಂದ ಹುಡುಗಿಗೆ ಉತ್ತರ ಹೇಳುವುದಿಲ್ಲ ಎನ್ನಲು ಯಾವ ಮನೆಯವರಿಗೆ ಬಾಯಿ ಬರುತ್ತದೆ? ಕಾರ್ಯದರ್ಶಿ ಒತ್ತಾಯ ಮಾಡಿದರೆಂದು ನಾನು ಹೇಳುತ್ತಿಲ್ಲ. ಅವರು ಬಹಳ ಸೌಜನ್ಯದವರು. ಅವರು ಅಲ್ಲಿ ನಿಂತಿದ್ದರು ಎಂಬುದೇ ಸಾಕಾಗಿತ್ತು.

ಮತ್ತೆ ಊರಿಗೆ

ಕೆಲಸ ನಿಲ್ಲಿಸಿ, ಸಮಿತಿಗೆ ಲಿಖಿತವಾಗಿ ತಿಳಿಸಿ, ಈ ಬಾರಿ ಪೂರ್ಣ ಸಭೆಯ ಅನುಮತಿ ಪಡೆದು ವಿದ್ಯಾರ್ಥಿನಿ ಅದೇ ಇಪ್ಪತ್ತಮೂರು ಮನೆಗಳಿಗೆ ಒಬ್ಬರೇ ಹೋದರು. ಹೊಸ ವಿವರಣೆ ಬಾಯಿಮಾತಿನದು. ನಾನು ಓದುತ್ತಿರುವ ಹುಡುಗಿ, ಇದು ಸರ್ಕಾರದ್ದಲ್ಲ, ಬ್ಯಾಂಕಿನದ್ದೂ ಅಲ್ಲ, ಇದರಿಂದ ನಿಮ್ಮ ಸಾಲದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಬೇಡವೆಂದರೆ ಕಾಫಿ ಕುಡಿದು ಎದ್ದುಹೋಗುತ್ತೇನೆ ಎಂದು ಮೊದಲೇ ಹೇಳುವುದು. ಆಮೇಲೆ, ನಾನು ಏಕೆ ಬಂದಿದ್ದೇನೆ ಎಂದು ನಿಮಗೆ ಅನ್ನಿಸಿತು, ಹೇಳಿ ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳುವುದು. ಈ ಎರಡನೆಯ ಹೆಜ್ಜೆಯಲ್ಲಿ ಹಲವರು ಎರಡು ಮೂರು ಬಾರಿ ಎಡವಿದರು. ಸರ್ಕಾರದ್ದಲ್ಲ ಎಂದು ತಲೆಯಾಡಿಸಿದವರೇ ಐದು ನಿಮಿಷದ ನಂತರ, ಮುಂದೆ ಯಾವಾಗಲಾದರೂ ಸರ್ಕಾರಕ್ಕೆ ತಲುಪಿಸುತ್ತೀರಲ್ಲ ಎನ್ನುತ್ತಿದ್ದರು. ಲಾಭವಿಲ್ಲ ಎಂದರೆ ಯಾರೂ ಕೂರುವುದಿಲ್ಲ ಎಂಬ ಆಕೆಯ ಹೆದರಿಕೆ ಭಾಗಶಃ ನಿಜವಾಯಿತು. ಕೆಲವು ಮನೆಯವರು ಕಾಫಿ ಕೊಟ್ಟು ಕಳಿಸಿದರು. ಉಳಿದವರು ಕೂತರು. ಮನಸ್ಸಿನ ಪ್ರಶ್ನೆಗಳು ಈಗ ಮೊದಲು ಬಂದವು. ಮಾತು ಜಗಲಿಯಿಂದ ಹಿತ್ತಲಿಗೆ, ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು.

ಉತ್ತರಗಳು ಬದಲಾದವು, ಅದರಲ್ಲಿ ಆಶ್ಚರ್ಯವಿಲ್ಲ. ನಾನು ಎಣಿಸದೇ ಇದ್ದದ್ದು ಅವು ಬದಲಾದ ದಿಕ್ಕು. ಮೊದಲ ಸಲ ಎಲ್ಲ ಪ್ರಶ್ನೆಗೂ ದಿನಾ ಎಂದಿದ್ದ ರೈತರೊಬ್ಬರು ನಕ್ಕು, “ಅವತ್ತು ಮನ್ನಾದೋರು ಅನ್ಕಂಡಿದ್ದೆ, ಜಾಸ್ತಿನೇ ಯೋಳ್ದೆ” ಎಂದರು. ಹೀಗೆ ಅಂಕ ಇಳಿದ ಮನೆಗಳಿದ್ದವು. ಆದರೆ ಏರಿದ ಮನೆಗಳೂ ಇದ್ದವು, ಅದರಲ್ಲಿಯೂ ಹೆಂಗಸರಲ್ಲಿ. ಮೊದಲ ಭೇಟಿಯಲ್ಲಿ ಗಂಡ, ಮಗ, ಕಾರ್ಯದರ್ಶಿ ಎಲ್ಲರ ಮುಂದೆ ನನಗೇನಾಗಿದೆ ಎಂದವರು ಹಿತ್ತಲಿನಲ್ಲಿ ಬೇರೆ ಮಾತು ಆಡಿದರು. ತಪ್ಪು ಒಂದೇ ಕಡೆಗೆ ವಾಲಿದ್ದರೆ ಇಷ್ಟು ಅಂಕ ಕಳೆದು ಸರಿಪಡಿಸಬಹುದು ಎಂದು ಯಾರಾದರೂ ವಾದಿಸಬಹುದಾಗಿತ್ತು. ಪರಿಹಾರದ ಆಸೆ ಕೆಲವರ ಉತ್ತರವನ್ನು ಮೇಲೆತ್ತಿತ್ತು, ಜಗಲಿಯ ಸಂಕೋಚ ಇನ್ನು ಕೆಲವರದನ್ನು ಕೆಳಗೆ ಒತ್ತಿತ್ತು. ಒಂದೇ ಮನೆಯಲ್ಲಿ ಎರಡೂ ನಡೆದಿದ್ದಿರಬಹುದು. ಅಂಥ ದತ್ತಾಂಶವನ್ನು ಯಾವ ಸಂಖ್ಯಾಶಾಸ್ತ್ರವೂ ತೊಳೆದು ಕೊಡುವುದಿಲ್ಲ.

ಒಂಬತ್ತನೆಯ ಪ್ರಶ್ನೆ

ಮೊದಲ ಸಲ ಇಲ್ಲ ಎಂದಿದ್ದ ಒಬ್ಬರು ಎರಡನೆಯ ಸಲ ಹೌದು ಎಂದರು. ನಡುವಯಸ್ಸಿನ ಗಂಡಸು, ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತ, ವಿದ್ಯಾರ್ಥಿನಿಯ ಮುಖ ನೋಡದೆ ಹೇಳಿದರು.

ಹಳೆಯ ಒಪ್ಪಿಗೆ ಪತ್ರದಲ್ಲಿ ಮಾಹಿತಿಯನ್ನು ಯಾರಿಗೂ ತಿಳಿಸುವುದಿಲ್ಲ ಎಂದು ನಾವು ಬರೆದಿದ್ದನ್ನು ಇಲ್ಲಿ ನೆನೆಯಬೇಕು. ಒಂಬತ್ತನೆಯ ಪ್ರಶ್ನೆಯನ್ನು ಕೇಳುವ ಸಮೀಕ್ಷೆಯಲ್ಲಿ ಅಂಥ ಬೇಷರತ್ ಮಾತನ್ನು ಕೊಡಲು ನಮಗೆ ಅಧಿಕಾರವಿರಲಿಲ್ಲ. ಅಷ್ಟೇ ಅಲ್ಲ, ಆ ಪ್ರಶ್ನೆಯಿದ್ದ ಅಧ್ಯಯನವನ್ನು ಕನಿಷ್ಠ ಅಪಾಯದ್ದೆಂದು ವರ್ಗೀಕರಿಸಿದ್ದೇ ಅವಸರ. ಹೊಸ ವಿವರಣೆಯಲ್ಲಿ, ನಿಮ್ಮ ಜೀವಕ್ಕೆ ಅಪಾಯವೆಂದು ನನಗೆ ಅನ್ನಿಸಿದರೆ ಮಾತ್ರ ನಿಮಗೆ ಹೇಳಿಯೇ ಇನ್ನೊಬ್ಬರಿಗೆ ಹೇಳುತ್ತೇನೆ ಎಂಬ ಮಾತು ಸೇರಿತ್ತು. ಅದನ್ನು ಕೇಳಿಯೂ ಆ ಮನುಷ್ಯ ಹೌದು ಎಂದಿದ್ದರು. ಹೇಳಿಬಿಡಲೆಂದೇ ಹೇಳಿದರೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮುಂದೆ ಮಾಡಬೇಕಾದದ್ದನ್ನು ಮೊದಲೇ ಅಭ್ಯಾಸ ಮಾಡಿಸಿದ್ದೆವು. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ; ಆದ್ದರಿಂದ ಆಕೆ ನಮೂನೆಯನ್ನು ಬದಿಗಿಟ್ಟು, ಅದೇ ಯೋಚನೆ ಎಷ್ಟು ದಿನದಿಂದ, ಏನಾದರೂ ಮಾಡಿಕೊಳ್ಳಲು ಹೊರಟಿದ್ದಿರಾ ಎಂದು ಕೇಳಿದರು. ಅವರ ಅನುಮತಿಯಿಂದಲೇ ಅದೇ ಊರಿನಲ್ಲಿದ್ದ ಅಕ್ಕನನ್ನು ಕರೆಸಿದರು. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳು ಅಂದೇ ಅಕ್ಕನ ಮನೆಗೆ ಹೋದವು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಅಲ್ಲಿಂದಲೇ ಕರೆ ಮಾಡಿ ಕನ್ನಡದಲ್ಲಿ ಮಾತನಾಡಿಸಿದರು. ಆಶಾ ಕಾರ್ಯಕರ್ತೆಯ ಮೂಲಕ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಗೊತ್ತುಮಾಡಿದರು. ಪೊಲೀಸಿನವರಿಗೆ ತಿಳಿಯುತ್ತದೆಯೇ ಎಂದು ಅಕ್ಕ ಹೆದರಿ ಕೇಳಿದಾಗ, ಆತ್ಮಹತ್ಯೆಗೆ ಯತ್ನಿಸಿದವರನ್ನು, ಹಾಗಲ್ಲ ಎಂದು ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು ಹೇಳುತ್ತದೆ ಎಂಬುದನ್ನು ಸರಳವಾಗಿ ತಿಳಿಸಿದರು. ಬಸ್ ನಿಲ್ದಾಣದಿಂದ ನನಗೆ ಫೋನ್ ಮಾಡಿದಾಗ ಆಕೆ ಅಳುತ್ತಿದ್ದರು. ಸಂಶೋಧಕರ ಆರೈಕೆಗೆ ನಮ್ಮ ಪ್ರಸ್ತಾವದಲ್ಲಿ ಒಂದು ಸಾಲೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಆ ಮನುಷ್ಯ ಆಸ್ಪತ್ರೆಗೆ ಹೋದರು ಎಂಬಲ್ಲಿಗೆ ನಾನು ಬರೆಯಬಹುದಾದದ್ದು ಮುಗಿಯುತ್ತದೆ.

ಹಳೆಯ ನಮೂನೆಗಳು

ಉಳಿದದ್ದು ಮೊದಲ ಸುತ್ತಿನ ಕಾಗದಗಳ ಪ್ರಶ್ನೆ. ಅವನ್ನು ಸುಟ್ಟುಹಾಕೋಣ ಎಂದು ವಿದ್ಯಾರ್ಥಿನಿ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಆ ಹೊತ್ತಿಗೆ ಇಡೀ ಅಧ್ಯಯನದಲ್ಲಿ ನಿಜವಾಗಿ ಹೊಸದೆನ್ನಬಹುದಾದ ಅಂಶ ಒಂದೇ ಇತ್ತು: ಅದೇ ಮನೆ, ಅದೇ ಪ್ರಶ್ನೆ, ಒಪ್ಪಿಗೆಯ ರೀತಿ ಬದಲಾದಾಗ ಉತ್ತರ ಹೇಗೆ ಬದಲಾಗುತ್ತದೆ ಎಂಬುದು. ಹಳೆಯ ನಮೂನೆಗಳಿಲ್ಲದೆ ಆ ಹೋಲಿಕೆ ಇಲ್ಲ. ಆದರೆ ಹಳೆಯ ನಮೂನೆಗಳಿಗೆ ಒಪ್ಪಿಗೆಯೇ ಇಲ್ಲ. ತಪ್ಪಿನಿಂದಲೇ ಬಂದ ಫಲವನ್ನು ಬಿಡಲಾರದೆ, ಹೆಸರು ತೆಗೆದು ಬಳಸಿದರೆ ಯಾರಿಗೆ ನಷ್ಟ ಎಂದು ನಾನು ಸಮಿತಿಯಲ್ಲಿ ವಾದಿಸಿದೆ. ಸಮಿತಿಯ ಸಾಮಾನ್ಯ ನಾಗರಿಕ ಸದಸ್ಯರು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಅಲ್ಲಿಯವರೆಗೆ ಹೆಚ್ಚು ಮಾತಾಡದವರು, “ಅವರನ್ನೇ ಕೇಳಿದರಾಯಿತಲ್ಲ” ಎಂದರು.

ಕೇಳಿದೆವು. ಅಂದು ತಪ್ಪು ತಿಳಿದು ಹೇಳಿದ್ದನ್ನು ಇಂದು ಹೇಳಿದ್ದರ ಜೊತೆ ಇಟ್ಟು ನೋಡಬಹುದೇ ಎಂಬ ಪ್ರಶ್ನೆಗೆ ಕೆಲವರು ನಕ್ಕು ಒಪ್ಪಿದರು, ಕೆಲವರು ಹಳೆಯದನ್ನು ಹರಿದುಹಾಕಿ ಎಂದರು. ಹರಿಯಿರಿ ಎಂದವರ ಕಾಗದಗಳನ್ನು ಅವರ ಎದುರಿಗೇ ಹರಿದೆವು. ಪ್ಲಾಸ್ಟಿಕ್ ಕವರಿನ ಅಜ್ಜಿ ತಮ್ಮದನ್ನು ಇಟ್ಟುಕೊಳ್ಳಿ ಎಂದರು, ಮುಂದೆಂದಾದರೂ ಮನ್ನಾ ಬಂದರೆ ಹೆಸರು ಇರಲಿ ಎಂದು. ಆ ಮಾತು ಕೇಳಿದ ಮೇಲೆ ಅವರ ನಮೂನೆಯನ್ನು ಬಳಸುವ ಹಾಗಿರಲಿಲ್ಲ. ವಿದ್ಯಾರ್ಥಿನಿ ಮತ್ತೊಮ್ಮೆ ಎಲ್ಲವನ್ನೂ ವಿವರಿಸಿ, ಅದನ್ನೂ ಹರಿದು ಬಂದರು.

ಪ್ರಬಂಧ ಕಡೆಗೆ ಸಾಲ ಮತ್ತು ಖಿನ್ನತೆಯ ಬಗ್ಗೆ ಏನನ್ನೂ ಹೇಳಲಿಲ್ಲ. ಬೆರಳೆಣಿಕೆಯ ಮನೆಗಳಲ್ಲಿ ಉತ್ತರಗಳು ಹೇಗೆ ಬದಲಾದವು ಎಂಬ ವಿವರಣಾತ್ಮಕ ಅಧ್ಯಯನವಾಗಿ ಸಲ್ಲಿಕೆಯಾಯಿತು. ಮಾದರಿ ಬಹಳ ಚಿಕ್ಕದು ಎಂದು ಬಾಹ್ಯ ಪರೀಕ್ಷಕರು ಆಕ್ಷೇಪಿಸಿದರು. ಅದು ನಿಜವಾದ ಆಕ್ಷೇಪ, ಅಂಕದಲ್ಲಿಯೂ ಕಾಣಿಸಿತು.

ನಮ್ಮ ಸಮಿತಿಯ ಅರ್ಜಿಯಲ್ಲಿ ಆಮೇಲೆ ಒಂದು ಅಂಕಣ ಹೆಚ್ಚಾಯಿತು: ನೀವು ಹೋಗುವ ಜಾಗಕ್ಕೆ ನಿಮಗಿಂತ ಮೊದಲು ಕಾಗದ ಹಿಡಿದು ಬಂದವರು ಯಾರು, ಅವರು ಏನು ಕೊಟ್ಟರು, ಏನು ತೆಗೆದುಕೊಂಡು ಹೋದರು? ಮೊದಲ ವರ್ಷ ಬಂದ ಅರ್ಜಿಗಳಲ್ಲಿ ಹೆಚ್ಚಿನವರು ಅಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದಿದ್ದರು. ಅವನ್ನೆಲ್ಲ ಹಿಂದಿರುಗಿಸಿದೆವು.